ಆಟ ನಡೆಸುವವನ ಹೊಣೆ



ಈಚಿನ ಕೆಲವು ವರ್ಷಗಳಿಂದ ನೇಸರಗಿ, ಬೈಲಹೊಂಗಲ, ಕಿತ್ತೂರು ಭಾಗದ ಮನೆತನಗಳ ಹಿರಿಯರು ಒಂದೇ ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. “ಅಜ್ಜಾರ, ನಮ್ಮ ಹುಡುಗ ಬೆಂಗಳೂರಾಗ ನೌಕರಿಗೆ ಅದಾನ. ರವಿವಾರ ಬಂತಂದ್ರ ಐದಾರು ಮಂದಿ ಮೇಜಿನ ಸುತ್ತ ಕುಂತು ದಾಳ ಉರುಳಸ್ತಾರಂತ. ಒಬ್ಬಾಂವ ನಾ ಮಂತ್ರವಾದಿ ಅಂತಾನ, ಇನ್ನೊಬ್ಬಾಂವ ನಾ ಕಳ್ಳ ಅಂತಾನ. ಇದೇನು ಜೂಜೋ, ಹುಚ್ಚೋ?” ಪ್ರಶ್ನೆಯಲ್ಲಿ ಸಿಟ್ಟಿಗಿಂತ ಕಳವಳವೇ ಹೆಚ್ಚು. ಕಳವಳಪಡುವ ತಂದೆತಾಯಿಗಳನ್ನು ನಕ್ಕು ಕಳುಹಿಸುವುದು ತರವಲ್ಲ. ವಿಚಾರಿಸದೆ ಮಕ್ಕಳನ್ನು ಬೈಯುವುದೂ ತರವಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಇದನ್ನು ಕನ್ನಡದಲ್ಲಿ ಪಾತ್ರದಾಟ ಎಂದು ಕರೆಯಬಹುದು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಅವರಲ್ಲದೆ ಇನ್ನೊಬ್ಬನಿರುತ್ತಾನೆ, ಅವನು ಆಟ ನಡೆಸುವವನು. ಇಂಗ್ಲಿಷಿನಲ್ಲಿ ಅವನಿಗೆ ಗೇಮ್ ಮಾಸ್ಟರ್ ಎನ್ನುತ್ತಾರೆ. “ನೀವು ಒಂದು ಪಾಳುಗೋಟೆಯ ಬಾಗಿಲಿಗೆ ಬಂದಿದ್ದೀರಿ. ಕತ್ತಲಾಗಿದೆ. ಒಳಗೆ ಯಾರೋ ಅಳುವ ಸದ್ದು. ಏನು ಮಾಡುತ್ತೀರಿ?” ಎಂದು ಅವನು ಕೇಳುತ್ತಾನೆ. ಆಡುವವರು ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಉತ್ತರಿಸುತ್ತಾರೆ. ಒಬ್ಬ ಗೋಡೆ ಹತ್ತುವೆನೆಂದರೆ, ಹತ್ತಿದನೋ ಬಿದ್ದನೋ ಎಂಬುದನ್ನು ದಾಳ ಹೇಳುತ್ತದೆ. ಈ ದಾಳಕ್ಕೆ ಆರೇ ಮುಖವೆಂದಿಲ್ಲ. ಇಪ್ಪತ್ತು ಮುಖದ್ದೂ ಉಂಟು. ಹಣ ಒಡ್ಡುವುದಿಲ್ಲ, ಒಬ್ಬನ ಸೋಲು ಇನ್ನೊಬ್ಬನ ಗೆಲುವಾಗುವುದಿಲ್ಲ. ಎಲ್ಲರೂ ಕೂಡಿ ಒಂದು ಕಥೆಯನ್ನು ಕಟ್ಟುತ್ತಾರೆ. ಪಣವಿಲ್ಲದ ಮೇಲೆ ಜೂಜೆಂಬ ಮಾತು ಇದಕ್ಕೆ ಹತ್ತುವುದಿಲ್ಲ. ನಾಗರಪಂಚಮಿಯ ದಿನಗಳಲ್ಲಿ ಮನೆಮನೆಗಳಲ್ಲಿ ಪಗಡೆ ಹಾಸಿದರೆ ಅದನ್ನು ಯಾರೂ ಜೂಜೆನ್ನುವುದಿಲ್ಲವಷ್ಟೆ.

ಈ ಆಟದ ವಂಶಾವಳಿ ಕುತೂಹಲಕರವಾದುದು. ನಮ್ಮ ದೇಶದ ಚತುರಂಗವು ಪಾರಸಿ, ಅರಬ ದೇಶಗಳ ಮಾರ್ಗವಾಗಿ ಯುರೋಪಕ್ಕೆ ಹೋಯಿತು. ಅಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸನೊಬ್ಬ ಅದರ ಮನೆಗಳನ್ನು ಹೆಚ್ಚಿಸಿ ಯುದ್ಧವಿದ್ಯೆ ಕಲಿಸುವ ಆಟವನ್ನಾಗಿ ಮಾಡಿದ. ಮುಂದೆ ಪ್ರಶ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೈನ್ಯಾಧಿಕಾರಿ, ತನ್ನ ತಂದೆ ಆರಂಭಿಸಿದ ಇಂಥದೇ ಆಟವನ್ನು ಪರಿಷ್ಕರಿಸಿ 1824ರಲ್ಲಿ ನಿಯಮಗ್ರಂಥವನ್ನು ಪ್ರಕಟಿಸಿದ. ಅವನ ಆಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದ. ಯಾರಿಗೆ ಏನು ಕಾಣುತ್ತದೆ, ಯಾರಿಗೆ ಏನು ತಿಳಿಯದು, ಯಾವ ಪ್ರಯತ್ನ ಫಲಿಸಿತು ಎಂಬುದನ್ನು ಹೇಳುವುದು ಅವನ ಕೆಲಸ. ಇಂದಿನ ಆಟ ನಡೆಸುವವನ ಪೂರ್ವಜನು ಈ ತೀರ್ಪುಗಾರನೇ. 1824 ಎಂದರೆ ನಮ್ಮ ಕಿತ್ತೂರಿನ ಕೋಟೆಯ ಮುಂದೆ ನಿಜವಾದ ಯುದ್ಧ ನಡೆದ ವರ್ಷವೆಂಬುದನ್ನು ಓದುಗರು ನೆನಪಿಡಬೇಕು. ಆ ಮಾತಿಗೆ ಮುಂದೆ ಬರುತ್ತೇನೆ. 1974ರಲ್ಲಿ ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಎಂಬಿಬ್ಬರು ಯುದ್ಧದಾಟದಿಂದ ಸೈನ್ಯವನ್ನು ತೆಗೆದು, ಒಬ್ಬ ಆಟಗಾರನಿಗೆ ಒಂದೇ ಪಾತ್ರವೆಂದು ಮಾಡಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ಮೊದಲು ಅಚ್ಚಾದ ಪ್ರತಿಗಳು ಕೇವಲ ಒಂದು ಸಾವಿರ.

ಅದಕ್ಕೂ ಮುಂಚೆ, 1968ರಲ್ಲಿ, ಇದೇ ಗೈಗ್ಯಾಕ್ಸ್ ತನ್ನ ಊರಾದ ಲೇಕ್ ಜಿನೀವಾದಲ್ಲಿ ಆಟಗಾರರ ಒಂದು ಸಮ್ಮೇಳನವನ್ನು ಕೂಡಿಸಿದ್ದ. ಜೆನ್ ಕಾನ್ ಎಂಬ ಆ ಸಮ್ಮೇಳನ ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಅಲ್ಲಿಗೆ ಬಂದವರು 70 ಸಾವಿರಕ್ಕೂ ಮಿಕ್ಕಿದ್ದರು. ಅದು ಅವರ ಜಾತ್ರೆ. ಸಾವಿರಾರು ಮೇಜುಗಳು, ಒಂದೊಂದಕ್ಕೆ ಒಬ್ಬ ನಡೆಸುವವ, ಸುತ್ತ ಪರಸ್ಪರ ಹೆಸರು ಸಹ ಅರಿಯದ ಐದಾರು ಜನ.

ಇಷ್ಟು ಕೇಳಿದೊಡನೆ ಇದು ಪರದೇಶದ ಹೊಸ ಸರಕೆಂದು ತೋರುವುದು ಸಹಜ. ಆದರೆ ನಮ್ಮ ಬೆಳಗಾವಿ ಸೀಮೆಯವರಿಗೆ ಇದರಲ್ಲಿ ಹೊಸದು ಬಹಳಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ನಡೆದುಬಂದ ಶ್ರೀಕೃಷ್ಣ ಪಾರಿಜಾತವನ್ನು ನೆನೆಯಿರಿ. ಅದರ ಹಾಡುಗಳು ಕಟ್ಟಿಟ್ಟವು. ಹಾಡುಹಾಡುಗಳ ನಡುವಿನ ಮಾತು ಆ ರಾತ್ರಿಯದು, ಆ ಊರಿನದು. ಸತ್ಯಭಾಮೆ ಮುನಿಸಿನಿಂದ ನಿಂತಾಗ ಭಾಗವತನು ಏನು ಕೇಳುವನೋ ಆಕೆಗೆ ಮುಂಚೆ ಗೊತ್ತಿರುವುದಿಲ್ಲ. ಆಕೆ ಏನು ಉತ್ತರಿಸುವಳೋ ಅವನಿಗೂ ಗೊತ್ತಿರುವುದಿಲ್ಲ. ಗೊಲ್ಲತಿಯೊಡನೆ ಹಾಸ್ಯ, ಕೊರವಂಜಿಯೊಡನೆ ಒಗಟು, ನಡುವೆ ಊರಿನ ಬರಗಾಲದ ಮಾತು, ತತ್ತ್ವದ ಮಾತು. ಎಲ್ಲವನ್ನೂ ಹೊಂದಿಸಿ ಕಥೆಯನ್ನು ಮತ್ತೆ ದಾರಿಗೆ ತರುವವನು ಭಾಗವತ. ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರ ಕೀರ್ತಿ ಹಾಡಿನಷ್ಟೇ ಈ ಸಮಯಸ್ಫೂರ್ತಿಯ ಮಾತಿನಿಂದಲೂ ಬಂದುದು.

ಎರಡರ ನಡುವೆ ಭೇದವೂ ಉಂಟು. ಪಾರಿಜಾತಕ್ಕೆ ಪ್ರೇಕ್ಷಕರುಂಟು, ಮೇಜಿನ ಪಾತ್ರದಾಟದಲ್ಲಿ ಆಡುವವರೇ ಪ್ರೇಕ್ಷಕರು. ಪಾರಿಜಾತದ ಕೊನೆ ಎಲ್ಲರಿಗೂ ತಿಳಿದದ್ದು. ಮೇಜಿನ ಕಥೆಯ ಕೊನೆ ಯಾರಿಗೂ, ನಡೆಸುವವನಿಗೂ, ಪೂರ್ತಿ ತಿಳಿದಿರುವುದಿಲ್ಲ. ಅಲ್ಲಿ ಭಾಗವತನ ಹಿಂದೆ ತಲೆಮಾರುಗಳ ಸಂಪ್ರದಾಯ ನಿಂತಿರುತ್ತದೆ. ಇಲ್ಲಿ ನಡೆಸುವವನ ಹಿಂದೆ ಒಂದು ನಿಯಮಗ್ರಂಥ, ಮುಂದೆ ದಾಳ, ಇಷ್ಟೇ. ಆದಕಾರಣ ಇಲ್ಲಿ ನಡೆಸುವವನ ಹೊಣೆ ಒಂದು ತೂಕ ಹೆಚ್ಚೇ ಎನ್ನಬೇಕು.

ಮನೆಯಲ್ಲಿ ಗೆಳೆಯರೊಡನೆ ಆಡಿಸುವುದು ಬೇರೆ, ಸಮ್ಮೇಳನದಲ್ಲಿ ಅಪರಿಚಿತರನ್ನು ಕೂಡಿಸಿ ಆಡಿಸುವುದು ಬೇರೆ. ಮನೆಯ ಆಟ ವಾರವಾರವೂ ಬೆಳೆಯುತ್ತ ವರ್ಷಗಟ್ಟಲೆ ನಡೆಯಬಹುದು. ಸಮ್ಮೇಳನದಲ್ಲಿ ಒಂದು ಮೇಜಿಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ತಾಸು. ಅಷ್ಟರಲ್ಲಿ ಪರಿಚಯವಾಗಬೇಕು, ನಿಯಮ ತಿಳಿಯಬೇಕು, ಕಥೆ ಹುಟ್ಟಿ ಬೆಳೆದು ಮುಗಿಯಬೇಕು. ಪಕ್ಕದ ಮೇಜಿನ ಗದ್ದಲ ಕಿವಿಗೆ ಬಡಿಯುತ್ತಿರುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜನಸಂದಣಿಯ ನಡುವೆ ಕುಳಿತು ಹಾಡುವವನಿಗೆ ಇದರ ಕಷ್ಟ ತಿಳಿದೀತು. ಇಂಥಲ್ಲಿ ಆಟವನ್ನು ಚೆನ್ನಾಗಿ ನಡೆಸುವವರು ಯಾವ ಕ್ರಮವನ್ನು ಅನುಸರಿಸುತ್ತಾರೆ ಎಂಬುದನ್ನು ವಿಚಾರಿಸಿದರೆ ಅದರಲ್ಲಿ ನಮ್ಮೆಲ್ಲರಿಗೂ ಪಾಠವಿದೆ.

ಮೊದಲನೆಯದು ಸಿದ್ಧತೆ. ಪಾತ್ರಗಳನ್ನು ಅವರು ಮುಂಚೆಯೇ ಬರೆದು ತಂದಿರುತ್ತಾರೆ. ಒಂದೊಂದು ಹಾಳೆಯಲ್ಲಿ ಒಂದೊಂದು ಪಾತ್ರದ ಹೆಸರು, ಶಕ್ತಿ, ದೌರ್ಬಲ್ಯ, ಉಳಿದವರೊಡನೆ ಅದಕ್ಕಿರುವ ಸಂಬಂಧ. ಬಂದವನು ಹಾಳೆಯನ್ನು ಆಯ್ದುಕೊಂಡು ಐದು ನಿಮಿಷದಲ್ಲಿ ಮಾತಿಗಿಳಿಯಬಹುದು. ನಿಯಮಗಳನ್ನೆಲ್ಲ ಒಮ್ಮೆಗೇ ಉಪದೇಶಿಸುವವನು ಆಟವನ್ನು ಆರಂಭದಲ್ಲೇ ಕೊಲ್ಲುತ್ತಾನೆ. ಬೇಕಾದಾಗ ಬೇಕಾದಷ್ಟು ಹೇಳುವವನೇ ಜಾಣ.

ಎರಡನೆಯದು ಸಮದೃಷ್ಟಿ. ಐವರು ಕುಳಿತಲ್ಲಿ ಒಬ್ಬ ವಾಚಾಳಿ ಇದ್ದೇ ಇರುತ್ತಾನೆ. ಬಾಯಿ ಬಿಡಲು ಅಂಜುವವಳೊಬ್ಬಳೂ ಇರುತ್ತಾಳೆ. ನಡೆಸುವವನು ವಾಚಾಳಿಯನ್ನು ಅವಮಾನಿಸದೆ ತಡೆದು, “ತಂಗೀ, ನಿನ್ನ ಪಾತ್ರ ಈಗ ಏನು ನೋಡುತ್ತಿದೆ?” ಎಂದು ಮೌನಿಯ ಕಡೆ ತಿರುಗಬೇಕು. ಶೂನ್ಯಸಂಪಾದನೆಯನ್ನು ಓದಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬೇರೆ ಬೇರೆ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದಾಗ, ಮುಕ್ತಾಯಕ್ಕನ ದನಿ ಮುಕ್ತಾಯಕ್ಕನದಾಗಿಯೇ, ಸಿದ್ಧರಾಮನ ದನಿ ಸಿದ್ಧರಾಮನದಾಗಿಯೇ ಉಳಿಯಿತು. ಪ್ರಭುದೇವರು ಎಲ್ಲರನ್ನೂ ಪ್ರಶ್ನಿಸುತ್ತಾರೆ. ಆದರೆ ಯಾರ ಉತ್ತರವನ್ನೂ ತಾವೇ ಹೇಳಿಬಿಡುವುದಿಲ್ಲ. ಮೇಜಿನಾಟವನ್ನು ಆ ಮಹಾಗ್ರಂಥದ ಸಮಕ್ಕೆ ತರುವುದು ನನ್ನ ಉದ್ದೇಶವಲ್ಲ. ಸಭೆ ನಡೆಸುವ ಧರ್ಮ ದೊಡ್ಡದರಲ್ಲಿಯೂ ಸಣ್ಣದರಲ್ಲಿಯೂ ಒಂದೇ ಎಂಬುದಷ್ಟೇ ನನ್ನ ಮಾತು.

ಮೂರನೆಯದು ನಿಷ್ಪಕ್ಷಪಾತ. ದಾಳ ಬಿದ್ದ ಮೇಲೆ ತನಗೆ ಬೇಕಾದವನಿಗೊಂದು, ಬೇಡಾದವನಿಗೊಂದು ನ್ಯಾಯ ಹೇಳಿದರೆ ಆಟ ಮುರಿಯುತ್ತದೆ. ತಾನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದ ಕಥೆಯ ಮೇಲೂ ಅವನಿಗೆ ಮೋಹವಿರಕೂಡದು. ಕೋಟೆಗೆ ನುಗ್ಗಲಿ ಎಂದು ಅವನು ಎಣಿಸಿರುತ್ತಾನೆ. ಆಡುವವರು ಕಾವಲುಗಾರನೊಡನೆ ಸಂಧಿಗೆ ಕೂಡುತ್ತಾರೆ. ಆಗ ಸಂಧಿಯ ಕಥೆಯನ್ನೇ ನಡೆಸಬೇಕು. ತನ್ನ ಜಾಣತನವನ್ನು ಮೆರೆಯಲು ಇತರರನ್ನು ಗೊಂಬೆಗಳಂತೆ ಕುಣಿಸುವವನು ಆಟ ನಡೆಸುವವನಲ್ಲ.

ನಾಲ್ಕನೆಯದು ಮರ್ಯಾದೆಯ ಗೆರೆ. ಅಪರಿಚಿತರಲ್ಲಿ ಯಾರ ಮನಸ್ಸಿನಲ್ಲಿ ಯಾವ ಗಾಯವಿದೆಯೋ ಬಲ್ಲವರಾರು? ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕುಳಿತಿರುವಲ್ಲಿ ಮಗುವಿನ ಸಾವನ್ನು ವರ್ಣಿಸುವುದು ಕ್ರೌರ್ಯ. ಇದಕ್ಕಾಗಿ ಜಾನ್ ಸ್ಟಾವ್ರೊಪೌಲೋಸ್ ಎಂಬ ಅಮೇರಿಕನ್ನರು ಒಂದು ಸರಳ ಉಪಾಯ ಹೂಡಿದರು. ಗುಣಾಕಾರದ ಗುರುತು ಬರೆದ ಒಂದು ಚೀಟಿ ಮೇಜಿನ ನಡುವೆ ಇರುತ್ತದೆ. ಯಾರಿಗೆ ಪ್ರಸಂಗ ಸಹಿಸದೋ ಅವರು ಅದನ್ನು ಮುಟ್ಟಿದರೆ ಸಾಕು. ಕಾರಣ ಕೇಳದೆ ಆ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಬೇಕು. ಕಾರಣ ಕೇಳಕೂಡದೆಂಬಲ್ಲಿಯೇ ಅದರ ಮಾನವೀಯತೆ ಇದೆ.

ಐದನೆಯದು ಮುಕ್ತಾಯ. ನಾಲ್ಕು ತಾಸಿನ ಕೊನೆಗೆ ಕಥೆ ಒಂದು ನೆಲೆ ಮುಟ್ಟಬೇಕು. ಅರ್ಧಕ್ಕೆ ನಿಂತ ಆಟದಿಂದ ಎದ್ದು ಹೋಗುವವನು ಹಸಿದು ಎದ್ದವನಂತೆ. ಮುಕ್ಕಾಲು ತಾಸು ಉಳಿದಾಗಲೇ ಹೊಸ ದಾರಿ ತೆರೆಯುವುದನ್ನು ನಿಲ್ಲಿಸಿ ಇದ್ದ ಎಳೆಗಳನ್ನು ಕೂಡಿಸತೊಡಗುವುದು ಅನುಭವಿಗಳ ರೂಢಿ. ನಂತರ ಮುಂದಿನವರಿಗೆ ಮೇಜನ್ನು ಬಿಟ್ಟುಕೊಡಬೇಕು.

ಈಗ ಕಿತ್ತೂರಿನ ಮಾತು. 1824ರ ಅಕ್ಟೋಬರ 23ರಂದು ಕಿತ್ತೂರಿನ ಮುಂದೆ ಥ್ಯಾಕರೆ ಮಡಿದ. ಸ್ಟೀವನ್‌ಸನ್, ಇಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಸೆರೆಯಾಳುಗಳನ್ನು ಬಿಟ್ಟರೆ ಯುದ್ಧ ತಪ್ಪೀತೆಂಬ ಆಸೆ ಒಂದು ಕಡೆ. ಬಿಟ್ಟರೆ ಕೈಯಲ್ಲಿದ್ದ ಬಲವೇ ಹೋದೀತೆಂಬ ಭಯ ಇನ್ನೊಂದು ಕಡೆ. ರಾಣಿ ಚನ್ನಮ್ಮಾಜಿ ಅವರನ್ನು ಬಿಟ್ಟರು. ಡಿಸೆಂಬರ ಮೊದಲ ವಾರದಲ್ಲಿಯೇ ಕುಂಪಣಿಯ ದೊಡ್ಡ ಸೈನ್ಯ ಕೋಟೆಯನ್ನು ಮುತ್ತಿ ಗೆದ್ದುಕೊಂಡಿತು. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯರಾದರು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಇವೆಲ್ಲ ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಸಂಗತಿಗಳು.

ಆದರೆ ಐದು ಜನ ಹುಡುಗ ಹುಡುಗಿಯರನ್ನು ಒಂದು ಮೇಜಿನ ಸುತ್ತ ಕೂಡಿಸಿ, ಅದು 1824ರ ನವೆಂಬರ ಎಂದು ಹೇಳಿ ನೋಡಿರಿ. ಒಬ್ಬಳು ರಾಣಿ, ಒಬ್ಬ ಸರದಾರ ಗುರುಸಿದ್ದಪ್ಪ, ಒಬ್ಬ ಪೇಟೆಯ ವ್ಯಾಪಾರಿ, ಒಬ್ಬ ಕೋಟೆಯ ಹೊರಗಿನ ಹೊಲದ ಒಕ್ಕಲಿಗ, ಒಬ್ಬಳು ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವಳು. ಪ್ರಶ್ನೆ ಒಂದೇ: ಸೆರೆಯಾಳುಗಳನ್ನು ಬಿಡಬೇಕೋ, ಬೇಡವೋ? ವ್ಯಾಪಾರಿಯ ಪಾತ್ರದವನು ಪೇಟೆ ಸುಟ್ಟೀತೆಂದು ಅಂಜುತ್ತಾನೆ. ಒಕ್ಕಲಿಗನ ಪಾತ್ರದವನು ಹೊಲದಲ್ಲಿ ನಿಂತ ಬಿಳಿಜೋಳದ ಚಿಂತೆ ಹೇಳುತ್ತಾನೆ. ವಿಧವೆಯ ಪಾತ್ರದವಳು ಏನು ಹೇಳುವಳೆಂದು ಯಾರೂ ಮುಂಚೆ ಹೇಳಲಾರರು. ಸೇಡೆನ್ನಬಹುದು, ಇನ್ನೊಬ್ಬಳು ತನ್ನಂತಾಗುವುದು ಬೇಡವೆನ್ನಬಹುದು. ಕೊನೆಗೆ ರಾಣಿಯ ಪಾತ್ರದವಳು ಎಲ್ಲರ ಮುಖ ನೋಡಿ ನಿರ್ಣಯ ಹೇಳಬೇಕು. ಅಂದು ಆ ಮಗುವಿಗೆ ಇತಿಹಾಸದ ಭಾರ ಎಷ್ಟೆಂಬುದು ತಿಳಿಯುತ್ತದೆ. ಫಲವನ್ನರಿತು ದೂರದಿಂದ ತೀರ್ಪು ಕೊಡುವುದು ಸುಲಭ; ಫಲವರಿಯದೆ ನಡುವೆ ನಿಂತು ನಿರ್ಣಯಿಸುವುದು ಎಷ್ಟು ಕಠಿಣವೆಂದು ಅರಿತವನು ಹಿರಿಯರ ಬಗ್ಗೆ ಹಗುರಾಗಿ ಮಾತನಾಡುವುದಿಲ್ಲ. ಇಲ್ಲಿ ನಡೆಸುವವನು ಮಾಡಬಾರದ ಕೆಲಸವೆಂದರೆ ಸರಿಯುತ್ತರವನ್ನು ತಾನೇ ಹೇಳುವುದು. ನಿಜವಾಗಿ ನಡೆದುದನ್ನು ಆಟ ಮುಗಿದ ಮೇಲೆ ಹೇಳಲಿ. ಆಟವೆಲ್ಲಿ ಮುಗಿಯಿತು, ಇತಿಹಾಸವೆಲ್ಲಿ ಆರಂಭವಾಯಿತು ಎಂಬ ಗೆರೆಯನ್ನೂ ಸ್ಪಷ್ಟಪಡಿಸಲಿ.

ಇನ್ನು ಹಿರಿಯರ ದೊಡ್ಡ ಭಯಕ್ಕೆ ಬರೋಣ. ಕಳ್ಳನ ಪಾತ್ರ ಮಾಡುತ್ತ ಹುಡುಗ ಕಳ್ಳನಾದಾನೇ? ಮಾಂತ್ರಿಕನೆಂದುಕೊಳ್ಳುತ್ತ ಬುದ್ಧಿ ಕೆಟ್ಟೀತೇ? ಈ ಭಯ ನಮ್ಮದು ಮಾತ್ರವಲ್ಲ. 1980ರ ದಶಕದಲ್ಲಿ ಅಮೇರಿಕೆಯ ಅನೇಕ ಚರ್ಚುಗಳೂ ಪಾಲಕರೂ ಈ ಆಟವು ಮಕ್ಕಳನ್ನು ಸೈತಾನನ ಪೂಜೆಗೂ ಆತ್ಮಹತ್ಯೆಗೂ ಎಳೆಯುವುದೆಂದು ಬೊಬ್ಬೆಯಿಟ್ಟರು. ದೂರದರ್ಶನದಲ್ಲಿ ಚರ್ಚೆಗಳಾದವು, ಶಾಲೆಗಳಲ್ಲಿ ನಿಷೇಧಗಳಾದವು. ಆದರೆ ಆ ಆರೋಪ ಸಿದ್ಧವಾಗಲಿಲ್ಲ. ಇಂದು ಅದೇ ದೇಶದಲ್ಲಿ ಕೆಲವು ಮನೋಚಿಕಿತ್ಸಕರು, ನಾಲ್ಕು ಜನರೊಡನೆ ಬೆರೆಯಲು ಅಂಜುವ ಮಕ್ಕಳಿಗೆ ಇದೇ ಆಟವನ್ನು ಬಳಸುತ್ತಿದ್ದಾರೆ.

ನಮ್ಮಲ್ಲಿಯೇ ಉದಾಹರಣೆಯುಂಟು. ಬೈಲಹೊಂಗಲದ ನಡೆದ ಸಂಗತಿಯನ್ನು ಆಧರಿಸಿದ ಸಂಗ್ಯಾಬಾಳ್ಯಾ ಸಣ್ಣಾಟವನ್ನು ನೋಡದ ಊರು ಈ ಸೀಮೆಯಲ್ಲಿ ವಿರಳ. ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುವ ಬಾಳ್ಯಾನ ಪಾತ್ರ ಮಾಡುವವನಿಗೆ ಇಡೀ ರಾತ್ರಿ ಜನರ ಬೈಗುಳ. ಬೆಳಗಾದರೆ ಅವನೇ ಹೆಗಲ ಮೇಲೆ ನೊಗ ಹೊತ್ತು ಹೊಲಕ್ಕೆ ಹೋಗುತ್ತಾನೆ. ಅವನನ್ನು ವಿಶ್ವಾಸಘಾತಕನೆಂದು ಯಾರೂ ದೂರವಿಡುವುದಿಲ್ಲ. ದ್ರೋಹವು ಮನುಷ್ಯನೊಳಗೆ ಹೇಗೆ ಹುಟ್ಟುತ್ತದೆಂಬುದನ್ನು ಅವನು ಇತರರಿಗಿಂತ ಹೆಚ್ಚು ಬಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನವರಿದ್ದರೆಂಬುದನ್ನು ಮರೆಯಬಾರದು. ಹಲವು ವೇಷ ತೊಟ್ಟು ಜನರನ್ನು ರಂಜಿಸುವುದೇ ಅವರ ಕಾಯಕ. ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯೂ ಅವರ ನಡುವೆ ಇದ್ದರು. ವೇಷ ತೊಡುವುದು ಸುಳ್ಳಾಡುವುದಲ್ಲ. ವೇಷವನ್ನೇ ನಿಜವೆಂದು ನಂಬಿಸಿ ವಂಚಿಸುವುದು ಸುಳ್ಳು. ಮಠದ ಪಾಠಶಾಲೆಯಲ್ಲಿ ತರ್ಕ ಓದುವಾಗ ನಮ್ಮ ಗುರುಗಳು ಮೊದಲು ಪೂರ್ವಪಕ್ಷವನ್ನೇ ಹಿಡಿದು ವಾದಿಸಲು ಹೇಳುತ್ತಿದ್ದರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಸಿದ್ಧಾಂತ ಹೇಳುವ ಅಧಿಕಾರ. ಅದೂ ಒಂದು ಪಾತ್ರದಾಟವೇ ಅಲ್ಲವೆ?

ಹಾಗೆಂದು ಎಚ್ಚರಿಕೆ ಬೇಡವೆಂದಲ್ಲ. ಯಾವ ಆಟವೇ ಆಗಲಿ ಕಾಯಕವನ್ನು ನುಂಗಿದರೆ ಅದು ವ್ಯಸನ. ರವಿವಾರದ ನಾಲ್ಕು ತಾಸು ವಿನೋದ. ವಾರದ ನಾಲ್ಕು ರಾತ್ರಿಯ ನಿದ್ದೆಗೇಡು ರೋಗ. ಪುಸ್ತಕ, ದಾಳ, ಬಣ್ಣದ ಗೊಂಬೆಗಳೆಂದು ಸಂಬಳ ಕರಗಿಸುವ ಚಟವೂ ಉಂಟು. ಆಡಲು ಒಂದು ಪುಸ್ತಕ, ನಾಲ್ಕು ದಾಳ, ಪೆನ್ಸಿಲು ಸಾಕು. ಆಟ ನಡೆಸುವವನು ಹೀನ ಅಭಿರುಚಿಯವನಾದರೆ, ಹೆಣ್ಣುಮಕ್ಕಳನ್ನು ಮೇಜಿನಲ್ಲಿ ಮುಜುಗರಪಡಿಸುವವನಾದರೆ, ಆ ಮೇಜಿನಿಂದ ಏಳುವುದೇ ಸರಿ. ಪಾಲಕರು ‘ಅದನ್ನು ಬಿಡು’ ಎನ್ನುವ ಮೊದಲು ಮೂರು ಪ್ರಶ್ನೆ ಕೇಳಲಿ: ಯಾರ ಜೊತೆ ಆಡುತ್ತೀ? ನಡೆಸುವವರು ಹೇಗೆ? ನಿನ್ನ ಪಾತ್ರ ಎಂಥದು? ಮೂರನೆಯ ಪ್ರಶ್ನೆಗೆ ಮಗ ಕೊಡುವ ಉತ್ತರದಲ್ಲಿ ಅವನ ಮನಸ್ಸು ಎಷ್ಟೋ ತಿಳಿದುಬರುತ್ತದೆ. ದೂರವಾಣಿಯಲ್ಲಿ ‘ಊಟ ಆತೇನು’ ಎಂಬಲ್ಲಿಗೇ ಮಾತು ಮುಗಿಯುವ ಮನೆಗಳಲ್ಲಿ ಇದೂ ಒಂದು ಲಾಭ.

ಕೊನೆಯದಾಗಿ ನಮ್ಮ ಊರುಗಳ ಮಾತು. ರಾತ್ರಿಯಿಡೀ ನಡೆಯುತ್ತಿದ್ದ ಪಾರಿಜಾತ, ಸಣ್ಣಾಟ, ದೊಡ್ಡಾಟಗಳ ಮೇಳಗಳು ಕಡಿಮೆಯಾಗುತ್ತಿವೆ. ಮೊಬೈಲಿನ ಪರದೆಯ ಮುಂದೆ ಒಬ್ಬೊಬ್ಬರೇ ಕುಳಿತ ಮಕ್ಕಳಿಗೆ ಎದುರಿನವನ ಮಾತಿಗೆ ತಕ್ಷಣ ತಕ್ಕ ಉತ್ತರ ಕೊಡುವ ಕಲೆ ತಪ್ಪಿಹೋಗುತ್ತಿದೆ. ಮೇಳದೊಂದಿಗೆ ಕಳೆದುಹೋಗುತ್ತಿರುವುದು ಬರಿಯ ಹಾಡಲ್ಲ. ಕೇಳಿ ಮಾತನಾಡುವ, ಎಲ್ಲರನ್ನೂ ಹೊಂದಿಸಿಕೊಂಡು ಹೋಗುವ ಭಾಗವತನ ಬುದ್ಧಿ. ನಗರದ ಮೇಜಿನ ಸುತ್ತ ನಮ್ಮ ಮಕ್ಕಳು ತಮಗರಿಯದೆಯೇ ಆ ಬುದ್ಧಿಯನ್ನು ಅಭ್ಯಾಸ ಮಾಡುತ್ತಿದ್ದರೆ ಅದನ್ನು ಊರಿಗೆ ಕರೆಯಬಾರದೇಕೆ? ಬೇಸಿಗೆಯ ರಜೆಯಲ್ಲಿ ಊರಿಗೆ ಬಂದ ತರುಣನೊಬ್ಬ ಶಾಲೆಯ ಪಡಸಾಲೆಯಲ್ಲೋ ಮಠದ ಅಂಗಳದಲ್ಲೋ ಐದು ಮಕ್ಕಳನ್ನು ಕೂಡಿಸಲಿ. ಪಾಳುಗೋಟೆಯ ಬದಲು ಕಿತ್ತೂರಿನ ಕೋಟೆ ಇರಲಿ. ಪರದೇಶದ ರಾಕ್ಷಸರ ಬದಲು ನಮ್ಮ ಜನಪದ ಕಥೆಗಳ ರಾಕ್ಷಸರಿರಲಿ. ಪಕ್ಕದಲ್ಲಿ ಹಳೆಯ ಮೇಳದ ಹಿರಿಯರೊಬ್ಬರು ಕುಳಿತಿರಲಿ. ಪ್ರಶ್ನೆ ಕೇಳುವ ಬಗೆಯನ್ನು ತರುಣ ಅವರಿಂದ ಕಲಿಯಲಿ. ಕೊನೆ ಗೊತ್ತಿಲ್ಲದ ಕಥೆ ನಡೆಸುವ ಬಗೆಯನ್ನು ಅವರು ಅವನಿಂದ ನೋಡಲಿ.

ಮಕ್ಕಳನ್ನು ಆಟದಿಂದ ಎಬ್ಬಿಸುವುದು ಹಿರಿಯರಿಗೆ ಸುಲಭದ ಕೆಲಸ. ಆಟವನ್ನು ನ್ಯಾಯವಾಗಿ ನಡೆಸುವವರನ್ನು ಬೆಳೆಸುವುದು ಕಷ್ಟದ ಕೆಲಸ. ನಾಳೆ ಊರಿನ ಪಂಚಾಯತಿಯನ್ನೂ, ಸಂಘ ಸಂಸ್ಥೆಗಳನ್ನೂ, ಮನೆತನದ ಪಾಲುಪಾರೀಖತ್ತಿನ ಮಾತನ್ನೂ ನಡೆಸಬೇಕಾದವರು ಇವರೇ. ಮೌನವಾಗಿ ಕುಳಿತವರ ಕಡೆಗೂ ಒಮ್ಮೆ ತಿರುಗಿ ‘ನೀನೇನು ಹೇಳುತ್ತೀ?’ ಎಂದು ಕೇಳುವ ಅಭ್ಯಾಸ ಅವರಿಗೆ ಈಗಲೇ ಆಗಲಿ.